ಗ್ಯಾರೇಜ್ ಕೆಲಸಕ್ಕೆ ಕೈಗೆಟುಕೋ ಡಿಜಿಟಲ್ ಮಲ್ಟಿಮೀಟರ್: ಯಾವುದು ತಗೊಳ್ಳೋದು?

ಹದಡಿರೋಡ್_ಗ್ಯಾರೇಜ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಬೈಕು, ಟ್ರ್ಯಾಕ್ಟರು, ಪಿಕಪ್ ಗಾಡಿ ಕೆಲಸ ಜಾಸ್ತಿ. ಈಗೀಗ ಬಿಎಸ್6 ಕಾರುಗಳೂ ಬರ್ತಾ ಅದಾವೆ. ಸದ್ಯಕ್ಕೆ ಇರೋದು ಹಳದಿ ಡಿಟಿ-830 ಮೀಟರ್ ಒಂದೇ. ಎರಡು ಸಾವಿರದ ಒಳಗೆ ಒಳ್ಳೇದೊಂದು ತಗೋಬೇಕು, ಐನೂರು ಹೆಚ್ಚಾದ್ರೂ ನಡೀತದೆ.

ಆರ್‌ಪಿಎಂ, ಡ್ವೆಲ್ ಎಲ್ಲ ಇರೋ "ಆಟೋಮೋಟಿವ್" ಮೀಟರ್ ತಗೊಂಡ್ರೆ ಲಾಭ ಐತಾ? ಟ್ರೂ ಆರ್‌ಎಂಎಸ್ ಬೇಕೇಬೇಕಾ? ಬರೀ ಕ್ಲಾಂಪ್ ಮೀಟರ್ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋದು) ಒಂದೇ ತಗೊಂಡು ಎಲ್ಲಾ ಕೆಲಸ ಮಾಡಬಹುದಾ? ತಿಳಿದೋರು ಹೇಳ್ರಿ.

ಪಿಬಿರೋಡ್_ಎಲೆಕ್ಟ್ರಿಷಿಯನ್ (ದಾವಣಗೆರೆ)

ಗಾಡಿ ಕೆಲಸದಾಗ ಮೀಟರ್‌ನಿಂದ ಏನು ಬೇಕು ಅನ್ನೋದು ಮೊದ್ಲು ಗಟ್ಟಿ ಮಾಡ್ಕೊಳ್ರಿ. ಮನೆ ವೈರಿಂಗ್ ಮಾಡೋರಿಗೆ ಲೈನ್‌ನಲ್ಲಿ ಕರೆಂಟ್ ಐತೋ ಇಲ್ಲೋ ಗೊತ್ತಾದ್ರೆ ಸಾಕು. ನಮಗೆ ಹಂಗಲ್ಲ. ನಿಂತ ಗಾಡಿ ಬ್ಯಾಟರಿ 12.6 ಇದ್ರೆ ಪೂರ್ತಿ ಚಾರ್ಜ್, 12.4 ಇದ್ರೆ ಮುಕ್ಕಾಲು, 12.2 ಇದ್ರೆ ಅರ್ಧ, 12.0ಕ್ಕೆ ಇಳಿದ್ರೆ ಕಾಲು ಭಾಗ ಅಷ್ಟೆ. ಒಂದೊಂದು ಮೆಟ್ಟಿಲಿಗೂ 0.2 ವೋಲ್ಟ್ ಅಂತರ. 1 ಪರ್ಸೆಂಟ್ ತಪ್ಪು ತೋರ್ಸೋ ಮೀಟರ್ 12.6ರಲ್ಲಿ 0.13 ಆಚೀಚೆ ಹೋಗ್ತದೆ, ಅಲ್ಲಿಗೆ ಅರ್ಧ ಮೆಟ್ಟಿಲು ಹೋಯ್ತು. ಅದಕ್ಕೆ ಡಿಸಿ ವೋಲ್ಟ್ ನಿಖರತೆ 0.5 ಪರ್ಸೆಂಟ್ ಅಥವಾ ಅದಕ್ಕಿಂತ ಚಲೋ ಇರೋದನ್ನೇ ನೋಡ್ರಿ. ಇದು ಡಬ್ಬಿ ಮೇಲೆ ಇರಲ್ಲ, ಒಳಗಿನ ಪುಸ್ತಕದಾಗ ಇರ್ತದೆ.

ಡಿಟಿ-830 ಡಿಸಿ ವೋಲ್ಟ್‌ನಲ್ಲಿ ಕೆಟ್ಟದ್ದಲ್ಲ. 20ರ ರೇಂಜಿಗೆ 0.01 ತನಕ ತೋರಿಸ್ತದೆ. ಕೆಟ್ಟದ್ದು ಬೇರೆ ಕಡೆ ಐತಿ. ಲೀಡ್ ಕೂದಲಿನಷ್ಟು ತೆಳು, ಬಗ್ಗಿಸಿ ಬಗ್ಗಿಸಿ ಒಳಗೇ ಕಟ್ ಆಗ್ತದೆ, ಹೊರಗೆ ಕಾಣಲ್ಲ. 10 ಆಂಪ್ ಜ್ಯಾಕ್‌ಗೆ ಫ್ಯೂಸೇ ಇರಲ್ಲ. 830ಬಿಯಲ್ಲಿ ಬಜರ್ ಇಲ್ಲ, 830ಡಿಯಲ್ಲಿ ಮಾತ್ರ ಐತಿ. ಒಳಗಿನ 9 ವೋಲ್ಟ್ ಸೆಲ್ ಸೋತಾಗ ರೀಡಿಂಗ್ ಇಳಿಯೋ ಬದ್ಲು ಏರ್ತದೆ. ಸತ್ತ ಬ್ಯಾಟರಿ 12.8 ತೋರ್ಸಿದ್ರೆ ಗಿರಾಕಿಗೆ ತಪ್ಪು ಉತ್ತರ ಹೋಗ್ತದೆ. ಹೊಸ ಮೀಟರ್ ಬಂದ್ಮೇಲೂ ಇದನ್ನ ಎಸೀಬ್ಯಾಡ್ರಿ. ಸೆಲ್ ಬದಲಿಸಿ, ಆಂಪ್ ಜ್ಯಾಕಿಗೆ ಟೇಪ್ ಸುತ್ತಿ, ಎರಡನೇ ಮೀಟರ್ ಅಂತ ಇಟ್ಕೊಳ್ರಿ.

ದುರ್ಗದ_ಲಾರಿವೈರಿಂಗ್ (ಚಿತ್ರದುರ್ಗ)

ಅಣ್ಣಾವ್ರು ಹೇಳಿದ್ದು 12 ವೋಲ್ಟಿಗೆ ಸರಿ. ಲಾರಿ, ಬಸ್ಸು ಮುಟ್ಟೋರಿಗೆ ಇನ್ನೊಂದು ವಿಷಯ ಐತೆ. 2000 ಕೌಂಟ್ (ಅಂದ್ರೆ ಪರದೆ ಮೇಲೆ 1999 ತನಕ ಅಂಕಿ ತೋರ್ಸೋ) ಮೀಟರ್‌ನಲ್ಲಿ 20ರ ರೇಂಜ್ 19.99ಕ್ಕೆ ಮುಗಿದೋಗುತ್ತೆ. 24 ವೋಲ್ಟ್ ನೋಡ್ಬೇಕಂದ್ರೆ 200ಕ್ಕೆ ತಿರುಗಿಸ್ಬೇಕು, ಅಲ್ಲಿ ಪಾಯಿಂಟ್ ಆದ್ಮೇಲೆ ಒಂದೇ ಅಂಕಿ. 4000 ಕೌಂಟ್ ಇದ್ರೆ 40.00 ತನಕ, 6000 ಇದ್ರೆ 60.00 ತನಕ ಎರಡು ಅಂಕಿ ಸಿಗುತ್ತೆ. ಕೌಂಟ್ ಅನ್ನೋದು ಲಾರಿ ಕೆಲಸದಲ್ಲಿ ನಿಜವಾಗ್ಲೂ ದುಡ್ಡು ಕೊಡಬೇಕಾದ ಜಾಗ. ಹೈವೇ ಪಕ್ಕ ಅಂಗಡಿ ಇಟ್ಕೊಂಡೋರು 2000 ಕೌಂಟ್ ತಗೊಳ್ಳೋದೇ ಬೇಡ.

ಲಾರಿ ಬ್ಯಾಟರಿ ನೋಡುವಾಗ ಒಟ್ಟು 25.2 ಬಂತು ಅಂತ ಬಿಡಬೇಡಿ, ಎರಡನ್ನೂ ಬೇರೆ ಬೇರೆ ಅಳೀರಿ. ಒಂದು 12.7, ಇನ್ನೊಂದು 12.5 ಇದ್ರೂ ಒಟ್ಟು 25.2 ತಾನೆ? ಈ ಅಂತರ ಬರೋಕೆ ಮುಖ್ಯ ಕಾರಣ ಕ್ಯಾಬಿನ್‌ನಲ್ಲಿ ಟೇಪು, ಫ್ಯಾನು, ಮೊಬೈಲ್ ಚಾರ್ಜರ್‌ಗೆ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯೋದು. ಆ ಬ್ಯಾಟರಿ ಯಾವಾಗ್ಲೂ ಹಸಿದಿರುತ್ತೆ, ಪಕ್ಕದ್ದು ಓವರ್‌ಚಾರ್ಜ್ ಆಗಿ ನೀರು ಕುಡಿಯುತ್ತೆ. ಡೈನಮೋ ಮೇಲೆ ತಪ್ಪು ಹಾಕಿ ಬಿಚ್ಚೋಕೆ ಮುಂಚೆ ಇದನ್ನ ನೋಡಿ. ಎಂಜಿನ್ ಓಡುವಾಗ 24 ವೋಲ್ಟ್ ಗಾಡಿಗೆ 27.6ರಿಂದ 28.8 ಇರಬೇಕು, 12ರ ಗಾಡಿಗೆ 13.8ರಿಂದ 14.5.

ಐಟಿಐ_ಬೋಧಕ (ಹರಿಹರ)

ಆರ್‌ಪಿಎಂ, ಡ್ವೆಲ್ ಬಗ್ಗೆ ಕೇಳಿದ್ರಿ. ಡ್ವೆಲ್ (ಪಾಯಿಂಟ್ ಮುಚ್ಚಿರೋ ಅವಧಿಯ ಅಳತೆ) ಬೇಕಿದ್ದದ್ದು ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟ್ ಇದ್ದ ಕಾಲಕ್ಕೆ, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಗಾಡಿಗಳಿಗೆ. ಈಗ ಇಗ್ನಿಷನ್ ಸಮಯವನ್ನು ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ನೋಡಿಕೊಳ್ಳುತ್ತೆ, ಅಲ್ಲಿ ಹೊಂದಿಸೋಕೆ ಏನೂ ಇಲ್ಲ. ಆರ್‌ಪಿಎಂ ಅಳೆಯೋ ಕ್ಲಿಪ್ಪನ್ನು ಪ್ಲಗ್ ವೈರಿಗೆ ಕಚ್ಚಿಸಬೇಕು. ಕಾಯಿಲ್ ನೇರವಾಗಿ ಪ್ಲಗ್ ಮೇಲೇ ಕೂರೋ ಕಾರಲ್ಲಿ ಆ ವೈರೇ ಇಲ್ಲ, ಡೀಸೆಲ್ ಟ್ರ್ಯಾಕ್ಟರಲ್ಲಿ ಪ್ಲಗ್ಗೇ ಇಲ್ಲ. ನಿಮ್ಮ ಗಿರಾಕಿಗಳಲ್ಲಿ ಆ ಬಟನ್ ಉಪಯೋಗಕ್ಕೆ ಬರೋದು ಬೈಕಿಗೆ ಮಾತ್ರ, ಎಷ್ಟೋ ಬೈಕಲ್ಲಿ ಮೀಟರ್ ಕ್ಲಸ್ಟರಲ್ಲೇ ಆರ್‌ಪಿಎಂ ಕಾಣುತ್ತೆ. ಅದಕ್ಕೆ ಹೆಚ್ಚು ಹಣ ಕೊಡಬೇಡಿ.

ಅದರ ಬದಲು ಹರ್ಟ್ಜ್ ಮತ್ತು ಡ್ಯೂಟಿ ಪರ್ಸೆಂಟ್ (ಸಿಗ್ನಲ್ ಎಷ್ಟು ಭಾಗ ಆನ್ ಇರುತ್ತೆ ಅನ್ನೋದು) ಇರೋ ಸಾಮಾನ್ಯ ಮೀಟರ್ ನೋಡಿ. ಸೊಲೆನಾಯ್ಡ್‌ಗಳಿಗೆ, ಪಿಡಬ್ಲ್ಯುಎಂ (ಬೇಗ ಬೇಗ ಆನ್-ಆಫ್ ಮಾಡಿ ವೇಗ ಹೊಂದಿಸೋ) ಫ್ಯಾನ್‌ಗಳಿಗೆ ಇಸಿಯು ಕಳಿಸೋ ಸಿಗ್ನಲ್ ಬರ್ತಿದೆಯೋ ಇಲ್ಲವೋ ತಿಳಿಯೋಕೆ ಅದು ಸಾಕು. ಕೆ-ಟೈಪ್ ತಾಪಮಾನದ ವೈರ್ ಇದ್ದರೆ ಇನ್ನೂ ಉಪಯೋಗ. ಥರ್ಮೋಸ್ಟ್ಯಾಟ್ ಹೌಸಿಂಗ್‌ಗೆ ಅದರ ತುದಿ ತಾಗಿಸಿ ಟೇಪ್ ಸುತ್ತಿ, ಸ್ಕ್ಯಾನರ್ ತೋರಿಸೋ ಕೂಲಂಟ್ ತಾಪಮಾನದ ಜೊತೆ ಹೋಲಿಸಿ. ಎರಡೂ ಬಹಳ ದೂರ ಇದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಬೇಕು. ಎಸಿ ವೆಂಟ್ ತಂಪು ನೋಡೋಕೂ ಅದೇ.

ಟ್ರೂ ಆರ್‌ಎಂಎಸ್: ಡಿಸಿ ವೋಲ್ಟ್, ಓಮ್, ಕಂಟಿನ್ಯುಟಿಗೆ (ವೈರ್ ಕಟ್ ಆಗಿಲ್ಲ ಅಂತ ಬೀಪ್ ಕೊಡೋ ಪರೀಕ್ಷೆ) ಅದಕ್ಕೂ ಸಂಬಂಧವಿಲ್ಲ. ಸೈನ್ ಆಕಾರದಲ್ಲಿಲ್ಲದ ಎಸಿಯನ್ನು ಸರಿಯಾಗಿ ಅಳೆಯೋಕೆ ಮಾತ್ರ ಬೇಕು. ಅದೇ ಬೆಲೆಗೆ ಸಿಕ್ಕರೆ ತಗೊಳ್ಳಿ. ಆದರೆ ಟ್ರೂ ಆರ್‌ಎಂಎಸ್ ಇದ್ದು ಆಂಪ್ ಜ್ಯಾಕಿಗೆ ಫ್ಯೂಸ್ ಇಲ್ಲದ್ದಕ್ಕಿಂತ, ಅದಿಲ್ಲದೆ ಫ್ಯೂಸ್ ಇರೋದು ಮೇಲು.

ಚಳ್ಳಕೆರೆ_ಬೈಕ್‌ಬಾಯ್

ನಂದೊಂದು ಪ್ರಶ್ನೆ. ವೈರ್ ಸರಿ ಐತಾ ಅಂತ ನೋಡೋಕೆ ಬೀಪ್ ಸಾಕಲ್ವಾ? ಬೀಪ್ ಬಂದ್ರೆ ಸರಿ, ಬರ್ಲಿಲ್ಲ ಅಂದ್ರೆ ಕಟ್. ಅದಕ್ಯಾಕೆ 6000 ಕೌಂಟು?

ಐಟಿಐ_ಬೋಧಕ (ಹರಿಹರ)

ಕಟ್ ಆದ ವೈರ್ ಹುಡುಕೋಕೆ ಬೀಪ್ ಸಾಕು. ಅರ್ಧ ಕೆಟ್ಟ ವೈರ್ ಹುಡುಕೋಕೆ ಸಾಲದು. ಬಹಳ ಮೀಟರ್‌ಗಳು 30-50 ಓಮ್ ಇದ್ದರೂ ಬೀಪ್ ಕೊಡ್ತವೆ. 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 2.6 ಓಮ್. ದಾರಿಯಲ್ಲಿ ಎಲ್ಲೋ ಹಸಿರು ಹಿಡಿದ, ವೈರ್ ಜೋಡಿಸೋ ಕಪ್ಲರ್‌ನಲ್ಲಿ 1 ಓಮ್ ಇದೆ ಅಂದುಕೊಳ್ಳಿ. ಮೀಟರ್ ಜೋರಾಗಿ ಬೀಪ್ ಅನ್ನುತ್ತೆ. ಬಲ್ಬಿಗೆ ಮಾತ್ರ 12ರ ಜಾಗದಲ್ಲಿ ಸುಮಾರು ಎಂಟೂವರೆ ವೋಲ್ಟ್ ಸಿಗುತ್ತೆ, ಕೆಂಪಗೆ ಉರಿಯುತ್ತೆ.

ಬಲ್ಬ್ ಕಿತ್ತು ಹೋಲ್ಡರ್‌ನಲ್ಲಿ ವೋಲ್ಟ್ ನೋಡಿದರೂ ಮೋಸ ಹೋಗ್ತೀರಿ. ಮೀಟರ್‌ನ ಒಳ ರೆಸಿಸ್ಟೆನ್ಸ್ 10 ಮೆಗಾಓಮ್ ಇರೋದರಿಂದ ಅದು ಕರೆಂಟ್ ಎಳೆಯೋದೇ ಇಲ್ಲ ಅನ್ನಬಹುದು. ಒಂದೇ ಎಳೆ ಉಳಿದಿರೋ ವೈರಲ್ಲೂ ಪೂರ್ತಿ 12.5 ತೋರಿಸುತ್ತೆ. ಹಾಗಾಗಿ ಲೋಡ್ ಹಾಕಿಯೇ ಅಳೀಬೇಕು. 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್, ಎರಡು ಮೊಸಳೆ ಕ್ಲಿಪ್ ಬೆಸುಗೆ ಹಾಕಿ. ಅದು ಸುಮಾರು ಒಂದೂಮುಕ್ಕಾಲು ಆಂಪ್ ಎಳೆಯುತ್ತೆ. ಹೋಲ್ಡರ್‌ಗೆ ಆ ಬಲ್ಬ್ ಕೊಟ್ಟು, ಅದೇ ಜಾಗದಲ್ಲಿ ಮೀಟರ್ ಇಟ್ಟು ನೋಡಿ. 12.5 ಇದ್ದದ್ದು 9ಕ್ಕೆ ಇಳಿದರೆ ವೈರಲ್ಲೇ ತೊಂದರೆ. ಎಷ್ಟೇ ಒಳ್ಳೇ ಮೀಟರ್ ತಗೊಂಡರೂ ಈ ಬಲ್ಬ್ ಜೊತೆಗಿರಬೇಕು. ಇದನ್ನು ಇಸಿಯು, ಸೆನ್ಸರ್ ವೈರುಗಳಿಗೆ ಮಾತ್ರ ಹಾಕಬೇಡಿ, ಅಷ್ಟು ಕರೆಂಟ್ ಎಳೆದರೆ ಒಳಗಿನ ಡ್ರೈವರ್ ಸುಡುತ್ತೆ.

ಪಿಬಿರೋಡ್_ಎಲೆಕ್ಟ್ರಿಷಿಯನ್ (ದಾವಣಗೆರೆ)

ಮೇಷ್ಟ್ರು ಹೇಳಿದ್ದನ್ನೇ ಸೆಲ್ಫ್ ಮೋಟಾರ್‌ಗೆ ಹಚ್ಚಿ ನೋಡ್ರಿ. ಸೆಲ್ಫ್ 150 ಆಂಪ್ ಎಳೀತದೆ ಅಂದ್ರೆ, ಕೇಬಲ್‌ನಲ್ಲಿ 0.01 ಓಮ್ ಹೆಚ್ಚಿದ್ರೂ ಒಂದೂವರೆ ವೋಲ್ಟ್ ಅಲ್ಲೇ ಹೋಯ್ತು. 0.01 ಓಮ್ ತೋರ್ಸೋ ಮೀಟರ್ ಈ ರೇಟಿಗೆ ಸಿಗಲ್ಲ. ಲೀಡ್‌ದೇ 0.2-0.3 ಓಮ್ ಇರ್ತದೆ. ಹಂಗಾಗಿ ಓಮ್‌ನಲ್ಲಿ ಕೇಬಲ್ ನೋಡೋದನ್ನ ಬಿಟ್ಟು ವೋಲ್ಟೇಜ್ ಡ್ರಾಪ್ ನೋಡ್ರಿ.

ಗಾಡಿ ಸ್ಟಾರ್ಟ್ ಆಗದಂಗೆ ಮಾಡ್ಕೊಳ್ರಿ: ಪೆಟ್ರೋಲ್ ಕಾರಿಗೆ ಫ್ಯೂಯಲ್ ಪಂಪ್ ರಿಲೇ ಕೀಳ್ರಿ, ಹಳೇ ಟ್ರ್ಯಾಕ್ಟರಿಗೆ ಎಂಜಿನ್ ಸ್ಟಾಪ್ ಎಳೆದು ಹಿಡೀರಿ. ಗೇರ್ ನ್ಯೂಟ್ರಲ್. ಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು ರೇಂಜ್ ಬಟನ್ ಒತ್ತಿ ರೇಂಜ್ ಕಟ್ಟಿಹಾಕ್ರಿ, ಇಲ್ಲಾಂದ್ರೆ ಆಟೋರೇಂಜ್ ಹುಡುಕೋದ್ರಾಗೇ ನಾಲ್ಕು ಸೆಕೆಂಡ್ ಕಳೀತದೆ. ಕೆಂಪು ಲೀಡ್ ಬ್ಯಾಟರಿಯ ಪ್ಲಸ್ ಸೀಸದ ಕಂಬದ ಮೇಲೇ ಇಡ್ರಿ, ಲಗ್ (ಕೇಬಲ್ ತುದಿಯ ಲೋಹದ ಹಿಡಿಕೆ) ಮೇಲಲ್ಲ. ಕಪ್ಪು ಲೀಡ್ ಸೊಲೆನಾಯ್ಡ್‌ನಲ್ಲಿ ಬ್ಯಾಟರಿ ಕೇಬಲ್ ಬಂದು ಕೂರೋ ದಪ್ಪ ಬೋಲ್ಟ್ ಮೇಲೆ. ಒಬ್ಬರು ಮೂರ್ನಾಲ್ಕು ಸೆಕೆಂಡ್ ಸೆಲ್ಫ್ ಹೊಡೀಲಿ. 0.5 ದಾಟಬಾರದು. ಆಮೇಲೆ ಅರ್ಥ್ ಕಡೆ: ಕಪ್ಪು ಲೀಡ್ ಮೈನಸ್ ಕಂಬಕ್ಕೆ, ಕೆಂಪು ಸೆಲ್ಫ್ ಮೋಟಾರ್ ಬಾಡಿಗೆ, ಗ್ರೀಸು ಪೇಂಟು ಕೆರೆದು ಲೋಹ ಕಾಣೋ ಜಾಗಕ್ಕೆ. ಇಲ್ಲಿ 0.2, ಹೆಚ್ಚಂದ್ರೆ 0.3.

ಜಾಸ್ತಿ ಬಂದ್ರೆ ಲೀಡ್‌ನ ಹಂತ ಹಂತವಾಗಿ ಹತ್ರ ತರ್ರಿ. ಕಂಬಕ್ಕೂ ಲಗ್‌ಗೂ ನಡುವೆ, ಲಗ್‌ಗೂ ಕೇಬಲ್ ತಾಮ್ರಕ್ಕೂ ನಡುವೆ, ಅರ್ಥ್ ಬೋಲ್ಟ್‌ಗೂ ಚಾಸಿಗೂ ನಡುವೆ. ಒಂದೊಂದು ಜಾಯಿಂಟ್‌ನಲ್ಲಿ 0.1ಕ್ಕಿಂತ ಹೆಚ್ಚು ಬಿದ್ರೆ ಅದೇ ಕಳ್ಳ. ಟ್ರ್ಯಾಕ್ಟರ್‌ನಾಗ ಬಹುತೇಕ ಸಲ ಸಿಗೋದು ಅರ್ಥ್ ಕಡೆಗೇ. ಗದ್ದೆ ಕೆಸರು, ಗೊಬ್ಬರದ ಧೂಳು ಕೂತು ಬೋಲ್ಟ್ ಕೆಳಗೆ ತುಕ್ಕು ಹಿಡಿದಿರ್ತದೆ, ಇಲ್ಲಾ ಹೊಸದಾಗಿ ಪೇಂಟ್ ಹೊಡೆದ್ಮೇಲೆ ಪೇಂಟ್ ಮೇಲೇ ಲಗ್ ಕೂರ್ಸಿರ್ತಾರೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ನಡುವೆ 9.6ಕ್ಕಿಂತ ಕೆಳಗೆ ಹೋಗಿ, ಎರಡೂ ಡ್ರಾಪ್ ಸರಿ ಇದ್ರೆ ಮಾತ್ರ ಬ್ಯಾಟರಿ ಅಥವಾ ಸೆಲ್ಫ್ ಮೇಲೆ ಅನುಮಾನ ಪಡ್ರಿ.

ಈ ಕೆಲಸಕ್ಕೆ ಮಿನ್-ಮ್ಯಾಕ್ಸ್ (ಅತಿ ಕಡಿಮೆ, ಅತಿ ಹೆಚ್ಚು ಅಂಕಿ ಹಿಡಿದಿಡೋ) ಬಟನ್ ಬಹಳ ಅನುಕೂಲ. ಒಬ್ರೇ ಇದ್ದಾಗ ಲೀಡ್ ಕ್ಲಿಪ್ ಹಾಕಿ, ಕೀ ತಿರುಗಿಸಿ ಬಂದು ಓದಬಹುದು.

ಹದಡಿರೋಡ್_ಗ್ಯಾರೇಜ್ (ದಾವಣಗೆರೆ)

ಇದು ಚಲೋ ಆತು ಅಣ್ಣ, ಮಿನ್-ಮ್ಯಾಕ್ಸ್ ಲೆಕ್ಕಕ್ಕೆ ತಗೊಂಡಿದ್ದೇ ಇಲ್ಲ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬ್ಯಾಟರಿ ಇಳಿಯೋ ಕೇಸ್‌ಗಳಿಗೆ ಹೆಂಗೆ? ಸೀರೀಸ್‌ನಲ್ಲಿ ಆಂಪ್ ನೋಡೋದಾ, ಕ್ಲಾಂಪಾ?

ದುರ್ಗದ_ಲಾರಿವೈರಿಂಗ್ (ಚಿತ್ರದುರ್ಗ)

ಸೀರೀಸ್‌ನಲ್ಲಿ ಮಾಡಬಹುದು, ಎಚ್ಚರ ಜಾಸ್ತಿ ಬೇಕು. ಕೆಂಪು ಲೀಡ್ 10 ಆಂಪ್ ಜ್ಯಾಕಿಗೆ ಹಾಕಿ, ಮಿಲಿಆಂಪ್ ಜ್ಯಾಕಿಗಲ್ಲ. ಮೈನಸ್ ಕೇಬಲ್ ಬಿಚ್ಚೋಕೆ ಮುಂಚೆ ಕಂಬಕ್ಕೂ ಕೇಬಲ್‌ಗೂ ಒಂದು ಜಂಪರ್ ವೈರ್ ಕೊಟ್ಟು, ಆಮೇಲೆ ಬಿಚ್ಚಿ, ಮೀಟರ್ ಸೇರಿಸಿ, ಕೊನೆಗೆ ಜಂಪರ್ ತೆಗೀರಿ. ಹಂಗೆ ಮಾಡಿದ್ರೆ ಸಪ್ಲೈ ಕಡಿಯಲ್ಲ. ಕಡಿದ್ರೆ ಕಾರಿನ ಮಾಡ್ಯೂಲ್‌ಗಳು ಎಚ್ಚರ ಆಗಿ ಮತ್ತೆ ಮೊದಲಿಂದ ಕಾಯಬೇಕು. ಡೋರ್ ತೆಗೆದಿಟ್ಟು ಲಾಕ್‌ನ ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಹಂಗೆ ಒತ್ತಿಡಿ, ಕೀ ದೂರ ಇಡಿ, ಅರ್ಧ ಗಂಟೆಯಾದ್ರೂ ಬಿಡಿ. ಆಮೇಲೆ 50 ಮಿಲಿಆಂಪ್ ಒಳಗಿದ್ರೆ ಕಾರು ಸರಿ. 300 ಇದ್ರೆ ದಿನಕ್ಕೆ 7.2 ಆಂಪ್-ಅವರ್ ಹೋಗುತ್ತೆ, 35ರ ಬ್ಯಾಟರಿ ಐದು ದಿನ ತಡೆಯಲ್ಲ. ಮೀಟರ್ ಸೀರೀಸ್‌ನಲ್ಲಿರುವಾಗ ಯಾರೂ ಕೀ ಮುಟ್ಟಬಾರದು. ಸೆಲ್ಫ್ ಹೊಡೆದ್ರೆ 10 ಆಂಪ್ ಫ್ಯೂಸ್ ಆ ಕ್ಷಣಕ್ಕೇ ಹೋಗುತ್ತೆ, ಫ್ಯೂಸ್ ಇಲ್ಲದ ಮೀಟರ್ ಆದ್ರೆ ಲೀಡ್ ಕೈಯಲ್ಲೇ ಉರಿಯುತ್ತೆ.

ಕ್ಲಾಂಪ್ ಇದ್ರೆ ಏನೂ ಬಿಚ್ಚೋದೇ ಬೇಕಿಲ್ಲ. ಆದ್ರೆ ಡಿಸಿ ಕ್ಲಾಂಪೇ ಆಗ್ಬೇಕು. ಹಳೇ ಟಾಂಗ್ ಟೆಸ್ಟರ್‌ಗಳು ಎಸಿ ಮಾತ್ರ ಹಿಡೀತವೆ, ಬ್ಯಾಟರಿ ಕೇಬಲ್‌ಗೆ ಹಾಕಿದ್ರೆ ಸೊನ್ನೆ.

ಯಾವ ಸರ್ಕ್ಯೂಟ್ ಅಂತ ಹುಡುಕೋಕೆ ಫ್ಯೂಸ್ ಒಂದೊಂದಾಗಿ ಕೀಳಬೇಡಿ, ಅದ್ರಿಂದಲೂ ಮಾಡ್ಯೂಲ್ ಎದ್ದೇಳುತ್ತೆ. ಬ್ಲೇಡ್ ಫ್ಯೂಸ್ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರ್ತವೆ. ಮೀಟರ್ ಮಿಲಿವೋಲ್ಟ್‌ಗೆ ಇಟ್ಟು ಅವೆರಡರ ಮೇಲೆ ಸೂಜಿ ಪ್ರೋಬ್ ಇಡಿ. ಸೊನ್ನೆ ಇದ್ರೆ ಆ ದಾರೀಲಿ ಕರೆಂಟ್ ಇಲ್ಲ. 10 ಆಂಪ್ ಫ್ಯೂಸ್‌ಗೆ ಸುಮಾರು 7-8 ಮಿಲಿಓಮ್ ಇರುತ್ತೆ, ಅಂದ್ರೆ 1 ಮಿಲಿವೋಲ್ಟ್ ಕಂಡ್ರೆ ಸುಮಾರು 130 ಮಿಲಿಆಂಪ್ ಹೋಗ್ತಾ ಐತೆ. ಅದಕ್ಕೇ 0.1 ಮಿಲಿವೋಲ್ಟ್ ತೋರ್ಸೋ ರೇಂಜ್ ಇರೋ ಮೀಟರ್ ತಗೊಳ್ಳಿ ಅನ್ನೋದು. ಲಾರಿಗಳಲ್ಲಿ ಮೊದಲು ನೋಡಬೇಕಾದ್ದು ಹೊರಗಿಂದ ಹಾಕಿದ ಜಿಪಿಎಸ್, ಹಾರ್ನ್ ರಿಲೇ, ಎಲ್ಇಡಿ ಪಟ್ಟಿ. ಅವು ಸಾಮಾನ್ಯವಾಗಿ ಫ್ಯೂಸ್ ಬಾಕ್ಸ್ ದಾಟಿ ನೇರ ಬ್ಯಾಟರಿಗೇ ಕೊಟ್ಟಿರ್ತಾರೆ, ಫ್ಯೂಸ್‌ನಲ್ಲಿ ಸಿಗಲ್ಲ.

ಮಂಡಿಪೇಟೆ_ಮೀಟರ್‌ರಿಪೇರಿ (ದಾವಣಗೆರೆ)

ಮಾಡೆಲ್ ಹೆಸರು ಯಾರೂ ಹೇಳಿಲ್ಲ, ಅದನ್ನ ಹೇಳಿಬಿಡ್ತೀನಿ.

ಡಿಸಿ ಕ್ಲಾಂಪ್‌ನಲ್ಲಿ ಕಡಿಮೆ ಬೆಲೆಗೆ ಗಾಡಿ ಕೆಲಸಕ್ಕೆ ಹೊಂದೋದು ಯುನಿ-ಟಿ ಯುಟಿ210ಇ. 2 ಆಂಪ್ ರೇಂಜ್‌ನಲ್ಲಿ 1 ಮಿಲಿಆಂಪ್ ತನಕ ತೋರಿಸುತ್ತೆ, ಗರಿಷ್ಠ 100 ಆಂಪ್. ಅಂದ್ರೆ ಬ್ಯಾಟರಿ ಲೀಕ್‌ಗೆ, ಡೈನಮೋ ಚಾರ್ಜಿಂಗ್‌ಗೆ, ಫ್ಯೂಯಲ್ ಪಂಪ್‌ಗೆ ಸರಿ. ಸೆಲ್ಫ್ ಕರೆಂಟ್ ಅಳೆಯೋಕೆ ಸಾಲದು, ಅದಕ್ಕೆ 400 ಅಥವಾ 600 ಆಂಪ್ ಡಿಸಿ ಕ್ಲಾಂಪ್ ಬೇಕು. ಪ್ರತಿ ಸಲ ಅಳೆಯೋ ಮುಂಚೆ ವೈರ್ ಪಕ್ಕದಲ್ಲೇ, ಅದೇ ದಿಕ್ಕಿಗೆ ಹಿಡಿದು ಜೀರೋ ಒತ್ತಬೇಕು. ಭೂಮಿಯ ಕಾಂತತೆಯೂ ಇದಕ್ಕೆ ತಾಗುತ್ತೆ, ಮೀಟರ್ ತಿರುಗಿಸಿದರೆ ಹತ್ತಾರು ಮಿಲಿಆಂಪ್ ಓಡಾಡುತ್ತೆ. ಇದು 2000 ಕೌಂಟ್, ಆದ್ದರಿಂದ ಇದೊಂದೇ ಮೀಟರ್ ಆಗೋದು ಬೇಡ, ಎರಡನೆಯದಾಗಿ ಇರಲಿ. ಮಾಸ್‌ಟೆಕ್ ಎಂ266 ಥರದ್ದು ನೋಡೋಕೆ ಇದೇ ರೀತಿ ಇದ್ದರೂ ಅದರ ಕ್ಲಾಂಪ್ ಎಸಿಗೆ ಮಾತ್ರ. ಅಂಗಡಿಯಲ್ಲಿ ಮೀಟರ್ ಮೇಲೆ ಆಂಪ್ ಗುರುತಿನ ಪಕ್ಕ ಎಸಿಯ ಅಲೆ ಗೆರೆ ಮಾತ್ರ ಇದ್ದರೆ ಬಿಡಿ, ಡಿಸಿಯ ನೇರ ಗೆರೆಯೂ ಇರಬೇಕು.

ಫ್ಲೂಕ್ 101 ಚಿಕ್ಕದು, ನಂಬಿಕಸ್ತ, 6000 ಕೌಂಟ್, ಆದರೆ ಕರೆಂಟ್ ಅಳೆಯೋ ಜ್ಯಾಕೇ ಇಲ್ಲ. ಈ ಬಜೆಟ್‌ಗಿಂತ ಮೇಲೂ ಹೋಗುತ್ತೆ. ಕ್ಲಾಂಪ್ ಹೇಗೂ ಇರೋರಿಗೆ ಆ ಕೊರತೆ ಕಾಣಲ್ಲ. ಅನೆಂಗ್ ಎಎನ್8008 ಅಗ್ಗ, 9999 ಕೌಂಟ್, ಸಣ್ಣ ಮಿಲಿವೋಲ್ಟ್ ಚೆನ್ನಾಗಿ ಅಳೆಯುತ್ತೆ, ಫ್ಯೂಸ್ ಮೇಲೆ ಡ್ರಾಪ್ ನೋಡೋಕೆ ಬಹಳ ಒಳ್ಳೇದು, ಚೌಕ ಅಲೆಯ ಸಿಗ್ನಲ್ ಕೂಡ ಹೊರಗೆ ಕೊಡುತ್ತೆ. ಅದರ ಒಳಗಿನ ರಕ್ಷಣೆ ಮಾತ್ರ ತೆಳು. 12, 24 ವೋಲ್ಟಿಗೆ ಇಟ್ಕೊಳ್ಳಿ, ಪಂಪ್‌ಸೆಟ್‌ನ ತ್ರೀ ಫೇಸ್ ಪ್ಯಾನೆಲ್‌ಗೆ ಹಚ್ಚಬೇಡಿ. ಊರಲ್ಲೇ ಸಿಗಬೇಕು, ಕೆಟ್ಟರೆ ಸರ್ವಿಸ್ ಬೇಕು ಅಂದ್ರೆ ಮೆಕೊ, ಕುಸಮ್-ಮೆಕೊ, ನಾಸಿಕ್‌ನ ರಿಷಭ್ ಕೇಳಿ ನೋಡಿ. ಮಾಡೆಲ್ ಯಾವುದೇ ಇರಲಿ: 4000 ಅಥವಾ 6000 ಕೌಂಟ್, ಫ್ಯೂಸ್ ಇರೋ 10 ಆಂಪ್, 0.1 ಮಿಲಿವೋಲ್ಟ್, ರೇಂಜ್ ಬಟನ್, ಬ್ಯಾಕ್‌ಲೈಟ್. ಇಷ್ಟಿದ್ದರೆ ಹೆಸರು ಏನಾದರೂ ಆಗಲಿ.

ದುಡ್ಡು ಕೊಡೋ ಮುಂಚೆ ಕೌಂಟರ್ ಮೇಲೇ ಪರೀಕ್ಷೆ ಮಾಡಿ, ಐದು ನಿಮಿಷ ಸಾಕು. ಎರಡು ಪ್ರೋಬ್ ತಾಗಿಸಿ ಓಮ್ ನೋಡಿ, 0.5ರ ಒಳಗೆ ನಿಲ್ಲಬೇಕು. ಲೀಡ್ ಅಲ್ಲಾಡಿಸಿದರೂ ಅಂಕಿ ಕುಣಿಯಬಾರದು. ಕಂಟಿನ್ಯುಟಿಯಲ್ಲಿ ಪ್ರೋಬ್‌ನಿಂದ ಪ್ರೋಬನ್ನು ವೇಗವಾಗಿ ತಟ್ಟಿ, ಪ್ರತಿ ತಟ್ಟಿಗೂ ಬೀಪ್ ಬರಬೇಕು. ತಡವಾಗಿ ಬರೋ ಬೀಪ್ ವೈರಿಂಗ್ ಹುಡುಕುವಾಗ ತಲೆ ತಿನ್ನುತ್ತೆ. ಆಮೇಲೆ ಎಸಿ ವೋಲ್ಟ್‌ಗೆ ಇಟ್ಟು 9 ವೋಲ್ಟ್ ಸೆಲ್ ಮೇಲೆ ಹಿಡಿಯಿರಿ, ಒಮ್ಮೆ ನೇರ, ಒಮ್ಮೆ ಲೀಡ್ ತಿರುಗಿಸಿ. ಸೊನ್ನೆ ಹತ್ತಿರ ಬಂದು ನಿಂತರೆ ಒಳ್ಳೇ ಮೀಟರ್. ಒಂದು ಕಡೆ ಹೆಚ್ಚುಕಡಿಮೆ ಎರಡು ಪಟ್ಟು ತೋರಿಸಿ, ತಿರುಗಿಸಿದಾಗ ಸೊನ್ನೆ ಬಂದರೆ ಅದರ ಎಸಿ ದಾರಿಯಲ್ಲಿ ಡಿಸಿ ತಡೆಯೋ ಕೆಪಾಸಿಟರ್ ಇಲ್ಲ ಅಂತ ಅರ್ಥ. ಡಿಟಿ-830 ಹೀಗೇ ಮಾಡುತ್ತೆ. ಅದರಲ್ಲಿ ಡೈನಮೋ ಡಯೋಡ್ ಪರೀಕ್ಷೆ ಸಾಧ್ಯವಿಲ್ಲ.

ಚಳ್ಳಕೆರೆ_ಬೈಕ್‌ಬಾಯ್

ಡಯೋಡ್ ಪರೀಕ್ಷೆ ಅಂದ್ರೆ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಸಿ ವೋಲ್ಟ್ ನೋಡೋದಾ ಸರ್? ಎಷ್ಟಿರಬೇಕು? ಬೈಕಿಗೂ ನಡೆಯುತ್ತಾ?

ಐಟಿಐ_ಬೋಧಕ (ಹರಿಹರ)

ಹೌದು. ಕಾರು, ಟ್ರ್ಯಾಕ್ಟರಲ್ಲಿ ಹೆಡ್‌ಲೈಟ್ ಹಾಕಿ, ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿ ಕಂಬದ ಮೇಲೆ ಎಸಿ ನೋಡಿ. ಸರಿಯಿದ್ದರೆ 0.1 ಆಸುಪಾಸು ಇರುತ್ತೆ. 0.5 ದಾಟಿದರೆ ಡಯೋಡ್ ಹೋಗಿರೋ ಸಾಧ್ಯತೆ ಹೆಚ್ಚು.

ಬೈಕಲ್ಲಿ ದಾರಿ ಬೇರೆ. ತ್ರೀ ಫೇಸ್ ಕಾಯಿಲ್ ಪ್ಲೇಟ್ (ಕರೆಂಟ್ ಹುಟ್ಟಿಸೋ ಭಾಗ) ಇದ್ದರೆ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್‌ಗೆ ಹೋಗೋ ಕಪ್ಲರ್ ಬಿಚ್ಚಿ, ಮೂರು ವೈರಿನ ಜೋಡಿ ಜೋಡಿ ಓಮ್ ನೋಡಿ. ಮೂರೂ ಸಮ ಇರಬೇಕು. ಸಾಮಾನ್ಯವಾಗಿ 1 ಓಮ್ ಆಚೀಚೆ ಇರೋದರಿಂದ ಮೊದಲು ಪ್ರೋಬ್ ತಾಗಿಸಿ ಲೀಡಿನ ಓಮ್ ಕಳೆಯಬೇಕು, ರೆಲ್ ಬಟನ್ ಇದ್ದರೆ ಅದೇ ಕಳೆಯುತ್ತೆ. ಯಾವ ವೈರಿಗೂ ಬಾಡಿಗೂ ಕಂಟಿನ್ಯುಟಿ ಇರಬಾರದು. ಆಮೇಲೆ ಎಂಜಿನ್ ಓಡಿಸಿ ಜೋಡಿ ಜೋಡಿ ಎಸಿ ವೋಲ್ಟ್ ನೋಡಿ, ಆರ್‌ಪಿಎಂ ಜೊತೆ ಏರಬೇಕು, ಮೂರೂ ಸಮವಾಗಿ ಏರಬೇಕು. ಕಪ್ಲರ್ ಸೇರಿಸಿ, 4000-5000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ ಡಿಸಿ 13.5ರಿಂದ 14.5 ಬಂದರೆ ಸರಿ. 15 ದಾಟಿದರೆ ಆರ್‌ಆರ್ ಯೂನಿಟ್ ಹೋಗಿದೆ, ಬ್ಯಾಟರಿ ಕುದಿಯುತ್ತೆ, ಬಲ್ಬ್ ಸುಡುತ್ತೆ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತೆ. ಹಾಗಾಗಿ ಐಡಲ್‌ನಲ್ಲಿ ವೋಲ್ಟ್ ಸ್ವಲ್ಪ ಕಡಿಮೆ ಕಂಡ ತಕ್ಷಣ ಕಾಯಿಲ್ ಬದಲಿಸಬೇಡಿ. ಪ್ಲಗ್ ಹತ್ತಿರ ಅಗ್ಗದ ಮೀಟರ್ ಇಟ್ಟರೆ ಅಂಕಿ ಕುಣಿಯುತ್ತೆ, ಲೀಡ್ ದೂರ ಹಿಡಿಯಿರಿ.

ಬಿಎಸ್6 ಕಾರಿಗೆ ಇನ್ನೆರಡು. ಬಹುಪಾಲು ಸೆನ್ಸರ್‌ಗಳಲ್ಲಿ ಕಪ್ಲರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿದಾಗ ಒಂದು ಪಿನ್ನಲ್ಲಿ 5 ವೋಲ್ಟ್, ಒಂದರಲ್ಲಿ ಅರ್ಥ್ ಸಿಗಬೇಕು. ಅದು ಬಂದ ಮೇಲಷ್ಟೇ ಸೆನ್ಸರ್ ಮೇಲೆ ಅನುಮಾನ. ಕ್ಯಾನ್ ಲೈನ್ (ಮಾಡ್ಯೂಲ್‌ಗಳು ಮಾತಾಡಿಕೊಳ್ಳೋ ಎರಡು ವೈರ್) ನೋಡೋಕೆ ಬ್ಯಾಟರಿ ಮೈನಸ್ ಬಿಚ್ಚಿ, ಸ್ಕ್ಯಾನರ್ ಸೇರಿಸೋ ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ನೋಡಿ. 60 ಇದ್ದರೆ ಎರಡೂ ತುದಿ ಸರಿ, 120 ಇದ್ದರೆ ಒಂದು ಕಡೆ ಕಟ್, ಸೊನ್ನೆ ಹತ್ತಿರ ಇದ್ದರೆ ಎರಡು ವೈರ್ ತಾಗಿವೆ. ಮೆಕ್ಕೆಜೋಳದ ಗೋದಾಮು ಪಕ್ಕ ನಿಲ್ಲೋ ಗಾಡಿಗಳಲ್ಲಿ ಇಲಿ ಕಡಿದು ಹೀಗೆ ಆಗೋದು ಉಂಟು. ಕೆಲವು ಗಾಡಿಗಳಲ್ಲಿ ಓಬಿಡಿಗೂ ಒಳಗಿನ ಲೈನಿಗೂ ನಡುವೆ ಗೇಟ್‌ವೇ ಇರುತ್ತೆ, ಅಲ್ಲಿ ಈ ಅಂಕಿ ಅನ್ವಯಿಸಲ್ಲ, ವೈರಿಂಗ್ ನಕ್ಷೆ ನೋಡಬೇಕು.

ಇನ್ನು ಮುಟ್ಟಬಾರದ್ದು. ಹಳದಿ ಕಪ್ಲರ್‌ನ ಏರ್‌ಬ್ಯಾಗ್ ವೈರಿಗೆ ಓಮ್ ಹಚ್ಚಲೇಬೇಡಿ, ಮೀಟರ್ ಕಳಿಸೋ ಸಣ್ಣ ಕರೆಂಟಿಗೂ ಅದು ಸಿಡಿಯಬಹುದು. ಕಾಮನ್ ರೈಲ್ ಡೀಸೆಲ್ ಓಡುವಾಗ ಇಂಜೆಕ್ಟರ್ ವೈರಿಗೆ ಪ್ರೋಬ್ ಇಡಬೇಡಿ, ಅಲ್ಲಿ 60 ವೋಲ್ಟ್ ಮೀರಿದ ಏಟು ಬರುತ್ತೆ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಿನ ಕಿತ್ತಳೆ ಕೇಬಲ್ ಈ ಬೆಲೆಯ ಮೀಟರಿನ ಕೆಲಸವೇ ಅಲ್ಲ, ಅದರ ಮೇಲೆ ಕ್ಯಾಟ್ III (ಸುರಕ್ಷತೆಯ ದರ್ಜೆ) ಅಂತ ಎಷ್ಟೇ ದಪ್ಪಗೆ ಬರೆದಿರಲಿ.

ಹದಡಿರೋಡ್_ಗ್ಯಾರೇಜ್ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. 6000 ಕೌಂಟ್‌ದೊಂದು ಈಗ, ಡಿಸಿ ಕ್ಲಾಂಪ್ ದೀಪಾವಳಿ ಹೊತ್ತಿಗೆ. ಕೊನೇದಾಗಿ ಎರಡು ಕೇಳ್ತೀನಿ. ಲೀಡ್ ಬೇರೆ ತಗೋಬೇಕಾ? ಮೀಟರ್ ಒಳಗಿನ ಫ್ಯೂಸ್ ಹೋಗೈತೋ ಇಲ್ಲೋ ಬಿಚ್ಚದೆ ತಿಳಿಯೋದು ಹೆಂಗೆ?

ಮಂಡಿಪೇಟೆ_ಮೀಟರ್‌ರಿಪೇರಿ (ದಾವಣಗೆರೆ)

ಲೀಡ್ ಬೇರೆ ತಗೊಳ್ಳಿ, ಸಿಲಿಕೋನ್ ಹೊದಿಕೆಯದ್ದು. ಬಿಸಿ ಸೈಲೆನ್ಸರ್ ತಾಗಿದರೂ ಪಿವಿಸಿ ಥರ ಕರಗಲ್ಲ, ಬಿಗಿಯಾಗಲ್ಲ. ಜೊತೆಗೆ ಒಂದು ಜೋಡಿ ಮೊಸಳೆ ಕ್ಲಿಪ್, ಒಂದು ಜೋಡಿ ಸೂಜಿ ಪ್ರೋಬ್. ಸೂಜಿಯನ್ನ ಕಪ್ಲರ್ ಹಿಂದಿನಿಂದ, ವೈರಿನ ಪಕ್ಕದಲ್ಲೇ ಪಿನ್ನಿಗೆ ತಾಗೋ ತನಕ ತೂರಿಸಿ. ವೈರ್ ಹೊದಿಕೆಗೆ ಚುಚ್ಚಬೇಡಿ, ಆ ತೂತಿನಿಂದ ನೀರು ಇಳಿದು ಒಂದು ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತೆ. ಕಪ್ಲರ್ ಮುಂದಿನ ಹೆಣ್ಣು ಪಿನ್ನಿಗೆ ದಪ್ಪ ಪ್ರೋಬ್ ತುರುಕಿದರೆ ಅದು ಅಗಲವಾಗಿ, ಆಮೇಲೆ ಲೂಸ್ ಕಾಂಟ್ಯಾಕ್ಟ್ ನಿಮ್ಮದೇ ಕೊಡುಗೆ ಆಗುತ್ತೆ.

ಫ್ಯೂಸ್ ನೋಡೋದಕ್ಕೆ ಮೀಟರ್ ಓಮ್‌ಗೆ ಇಟ್ಟು, ಕೆಂಪು ಲೀಡ್ ವೋಲ್ಟ್-ಓಮ್ ಜ್ಯಾಕ್‌ನಲ್ಲೇ ಇರಲಿ, ಅದರ ತುದಿಯನ್ನ 10 ಆಂಪ್ ಜ್ಯಾಕ್ ಒಳಗೆ ಲೋಹಕ್ಕೆ ತಾಗಿಸಿ. 1 ಓಮ್ ಒಳಗೆ ಬಂದರೆ ಫ್ಯೂಸ್ ಇದೆ, ಓಎಲ್ (ದಾರಿ ಕಟ್ ಅನ್ನೋ ಗುರುತು) ಬಂದರೆ ಹೋಗಿದೆ. ಮಿಲಿಆಂಪ್ ಜ್ಯಾಕ್ ಬೇರೆ ಇದ್ದರೆ ಅದಕ್ಕೂ ಹಾಗೇ ಮಾಡಿ, ಅಲ್ಲಿ ಓಮ್ ಸ್ವಲ್ಪ ಜಾಸ್ತಿ ಬರೋದು ಸಹಜ. ಬದಲಿಸುವಾಗ ಫ್ಯೂಸ್ ಮೇಲಿನ ಆಂಪ್, ವೋಲ್ಟ್, ಉದ್ದ ಮೂರೂ ನೋಡಿ ಅದೇ ತಗೊಳ್ಳಿ, ಸೆರಾಮಿಕ್ ಇದ್ದ ಕಡೆ ಗಾಜಿನದ್ದು ಹಾಕಬೇಡಿ. ವೈರ್ ಎಳೆ ಸುತ್ತಿ ನಡೆಸೋದಂತೂ ಬೇಡ. ನಮ್ಮ ಅಂಗಡಿ ಬೀದಿಯಲ್ಲಿ ಸರಿಯಾದ ಅಳತೆ ಸಿಗದೇ ಇದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಐದಾರು ಒಟ್ಟಿಗೇ ತರಿಸಿ, ಮೀಟರ್ ಪೌಚ್‌ನಲ್ಲೇ ಇಡಿ. ಅಳೆದು ಮುಗಿದ ಕೂಡಲೇ ಕೆಂಪು ಲೀಡನ್ನ ಆಂಪ್ ಜ್ಯಾಕ್‌ನಿಂದ ತೆಗೆದು ವೋಲ್ಟ್ ಜ್ಯಾಕಿಗೆ ಹಾಕಿಟ್ಟರೆ ಆ ಫ್ಯೂಸ್ ವರ್ಷಗಟ್ಟಲೆ ಬರುತ್ತೆ.